ಹದ ಇಳಿಸದ ಕತ್ತಿ

ಕೊರಟಗೆರೆ ದಾಟಿ ಮಧುಗಿರಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಾಗಲಿಂಗಾಚಾರಿಯ ಕುಲುಮೆ. ಮಚ್ಚಾಗಲಿ, ಕುಡುಗೋಲಾಗಲಿ, ಆಚಾರಿಯ ಕೈಯಿಂದ ಬಂದದ್ದು ಮೊಂಡಾದೀತೇ ಹೊರತು ಮುರಿಯದು ಎಂದು ಸುತ್ತಲಿನ ಹಳ್ಳಿಯವರು ಹೇಳುತ್ತಾರೆ. ಈ ಮಾತನ್ನು ಕೇಳಿ ಕೇಳಿ ಅವನಿಗೂ ತಲೆ ಸ್ವಲ್ಪ ತಿರುಗಿತ್ತು ಅನ್ನಬೇಕು. ಕಬ್ಬಿಣ ಗೊತ್ತಿದ್ದರೆ ಸಾಲದೇ? ಮನುಷ್ಯರೂ ಗೊತ್ತು ಅಂದುಕೊಂಡಿದ್ದ. "ಕತ್ತಿ ಕೇಳೋನ ಮುಖ ನೋಡಿದ್ರೆ ಸಾಕು, ಅದು ಎಲ್ಲಿಗೋಗಿ ಇಳೀತದೆ ಅಂತ ಹೇಳ್ಬುಡ್ತೀನಿ" ಎಂದು ಬೀಡಿ ಸೇದಲು ಬಂದು ಕೂತವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ.

ಜಂಬದ ಹಿಂದೆ ಒಂದು ಭಯ ಇತ್ತು. ಕೆಲವು ವರ್ಷಗಳ ಹಿಂದೆ ಒಬ್ಬ ಇದೇ ಕುಲುಮೆಯಲ್ಲಿ ಮಚ್ಚು ಮಾಡಿಸಿಕೊಂಡು ಹೋಗಿ ಕಟ್ಟಿಕೊಂಡ ಹೆಂಡತಿಯನ್ನೇ ಕಡಿದು ಹಾಕಿದ್ದ. ಪೊಲೀಸರು ಆ ಮಚ್ಚು ತಂದು ತೋರಿಸಿದಾಗ ಆಚಾರಿಗೆ ತನ್ನ ಸುತ್ತಿಗೆಯ ಗುರುತು ಕಂಡಿತು. ಎಂಥದ್ದಕ್ಕೆ ಅಂತ ಹೇಳದೆ, ಚೌಕಾಸಿ ಮಾಡದೆ, ಆ ಗಿರಾಕಿ ನೆಲ ನೋಡಿಕೊಂಡು ನಿಂತಿದ್ದದ್ದು ಆಮೇಲೆ ನೆನಪಾಯಿತು. ಅಂದಿನಿಂದ ಯಾರಾದರೂ ನೆಲ ನೋಡಿಕೊಂಡು ಕತ್ತಿ ಕೇಳಿದರೆ ಆಚಾರಿ ಎರಡೆರಡು ಸಲ ಎಂಥದ್ದಕ್ಕೆ ಅಂತ ಕೇಳುತ್ತಿದ್ದ.

ಹೊಲಗಳಲ್ಲಿ ಕಡಲೆಕಾಯಿ ಬಲಿಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅಳಿಯ ಕದಿರೇಶ ಬೈಕಿನಲ್ಲಿ ಬಂದಿಳಿದ. ಪಾವಗಡದಾಚೆ ವೈ.ಎನ್.ಹೊಸಕೋಟೆ ಪಕ್ಕದ ಹಳ್ಳಿ ಅವನದು. ಮರಗೆಲಸದ ಮನೆತನ, ಬೆಟ್ಟದ ಬುಡದಲ್ಲಿ ಒಂದಿಷ್ಟು ಹೊಲ. ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಮೊದಲಿಂದಲೂ ಮಾತು ಕಡಿಮೆ. ಹೋದ ತಿಂಗಳು ಮಗಳು ಸಹನಾ ಒಬ್ಬಳೇ ತವರಿಗೆ ಬಂದು ನಾಲ್ಕು ದಿನ ಮುಖ ಊದಿಸಿಕೊಂಡು ಕೂತಿದ್ದಳು. "ಅವ್ರೂ ಮಾತಾಡ್ತಿಲ್ಲ, ನಾನೂ ಮಾತಾಡ್ತಿಲ್ಲ" ಎಂದದ್ದು ಬಿಟ್ಟರೆ ತಾಯಿ ಜಗದಾಂಬ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಆಮೇಲೆ ತಾನಾಗಿಯೇ ಬಸ್ಸು ಹತ್ತಿ ಹೋಗಿದ್ದಳು.

"ಮಾವ, ಒಂದು ಕತ್ತಿ ಬೇಕಿತ್ತು" ಎಂದ ಕದಿರೇಶ.

"ಮಾಡ್ಕೊಡನ ಬುಡಿ ಅಳಿಯಂದ್ರೆ. ಎಂಥದ್ದಕ್ಕೆ?"

"ಬೇಕಿತ್ತು."

ಕಡ್ಡಿಯೊಂದನ್ನು ತೆಗೆದುಕೊಂಡು ಬೂದಿಯ ಮೇಲೆ ಗೆರೆ ಎಳೆದು ತೋರಿಸಿದ. ಮೊಳಕ್ಕಿಂತ ಗಿಡ್ಡ, ಬೆನ್ನು ದಪ್ಪ, ಮೊನೆ ಚೂಪು. ಮರ ಕಡಿಯುವ ಮಚ್ಚಿಗೆ ಮೊನೆ ಯಾಕೆ? ಸೊಪ್ಪು ಕೊಯ್ಯುವುದಕ್ಕೆ ಅಷ್ಟು ದಪ್ಪ ಬೆನ್ನು ಯಾಕೆ? ಆಚಾರಿ ಕೇಳುವ ಮೊದಲೇ ಅಳಿಯ ಹೇಳಿದ.

"ಚುಚ್ಚಿದ್ರೆ ಒಂದೇ ಏಟಿಗೆ ಒಳೀಕೆ ಇಳೀಬೇಕು ಮಾವ. ಮೂಳೆಗೆ ತಗುಲಿದ್ರೂ ಮುರೀಬಾರ್ದು. ಯಾರ್ಗೂ ಹೇಳ್ಬ್ಯಾಡಿ."

"ಸಹನಾಗೆ ಗೊತ್ತಾ?"

"ಅವಳ ಮಾತು ಈಗ ಬ್ಯಾಡ" ಎಂದು ಕದಿರೇಶ ನೆಲ ನೋಡಿದ.

ಆಚಾರಿಗೆ ಅಷ್ಟೇ ಸಾಕಾಯಿತು. ಅಳಿಯ ಟೀ ಕುಡಿದು ಹೋದ ಮೇಲೂ ಕುಲುಮೆಯ ಮುಂದೆ ಸುಮ್ಮನೆ ಕೂತಿದ್ದ. ಆಗಲ್ಲ ಅಂದರೆ ಇನ್ನೊಬ್ಬರ ಹತ್ತಿರ ಹೋಗುತ್ತಾನೆ. ಅವರು ಒಳ್ಳೆಯ ಕತ್ತಿಯನ್ನೇ ಮಾಡಿಕೊಡುತ್ತಾರೆ. ಮಗಳನ್ನು ಕರೆದುಕೊಂಡು ಬರೋಣ ಅಂದರೆ ಯಾವ ಬಾಯಲ್ಲಿ, ಏನೆಂದು ಕರೆಯುವುದು? ನಿನ್ನ ಗಂಡ ಬೂದಿಯಲ್ಲಿ ಗೆರೆ ಎಳೆದ ಅಂತಲೇ? ಹೀಗೆ ಯೋಚಿಸುತ್ತಾ ಆಚಾರಿ ಒಂದು ಉಪಾಯಕ್ಕೆ ಬಂದ. ಬಹಳ ಜಾಣ ಉಪಾಯ ಅಂತಲೂ ಅಂದುಕೊಂಡ, ಪಾಪ.

ಅವನ ಹತ್ತಿರ ಎರಡು ಬಗೆಯ ಉಕ್ಕು ಇತ್ತು. ಒಂದು, ಶಿರಾದ ಗುಜರಿ ಅಂಗಡಿಯಿಂದ ತಂದ ಲಾರಿಯ ಕಮಾನ್ ಪಟ್ಟಿ. ಭಾರ ಹೊತ್ತು ಬಗ್ಗಿ ಏಳುವುದು ಅದರ ಹುಟ್ಟುಗುಣ. ಏಟು ಬಿದ್ದರೆ ಬಳುಕುತ್ತದೆ, ಬಿಟ್ಟುಕೊಡುವುದಿಲ್ಲ. ಇನ್ನೊಂದು, ಹಲ್ಲು ಸವೆದ ಹಳೆಯ ಅರ. ಬೇರೆ ಕಬ್ಬಿಣವನ್ನು ಉಜ್ಜಿ ತಿನ್ನಲಿಕ್ಕೆಂದೇ ಮಾಡಿದ ಬಿರುಸು ಉಕ್ಕು ಅದು. ಅದರ ಅಲಗು ಕೂದಲನ್ನು ಸೀಳುತ್ತದೆ, ಆದರೆ ಹದ ತಪ್ಪಿದರೆ ಕೈಕೊಡುತ್ತದೆ. ಕಡಿಯುವ, ಚುಚ್ಚುವ ಕೆಲಸಕ್ಕೆ ಯಾವ ಕಮ್ಮಾರನೂ ಕಮಾನ್ ಪಟ್ಟಿ ಬಿಟ್ಟು ಅರ ಎತ್ತಿಕೊಳ್ಳುವುದಿಲ್ಲ. ಆಚಾರಿ ಅರ ಎತ್ತಿಕೊಂಡ.

ಬಡಿದು ಆಕಾರ ತಂದ. ಯಾವಾಗಲೂ ಅಯಸ್ಕಾಂತ ಮುಟ್ಟಿಸಿ, ಅದು ಹಿಡಿಯದಷ್ಟು ಕಾದ ಕೂಡಲೇ ತೆಗೆಯುತ್ತಿದ್ದವನು ಈಗ ಕಿತ್ತಳೆ ಬಣ್ಣ ದಾಟಿ ಹಳದಿಗೆ ಬರುವ ತನಕ ಬಿಟ್ಟ. ಎಣ್ಣೆಯಲ್ಲಿ ಅದ್ದುವ ಬದಲು ತಣ್ಣೀರಿನಲ್ಲಿ ಅದ್ದಿದ. ಆ ಘಳಿಗೆಯಲ್ಲಿ ಉಕ್ಕು ಗಾಜಿನಷ್ಟು ಗಡಸು, ಗಾಜಿನಷ್ಟೇ ಹೇಡಿ, ಏಟು ಬಿದ್ದರೆ ಚೂರು. ಅದಕ್ಕೇ ಮತ್ತೆ ಮೆಲ್ಲಗೆ ಕಾಯಿಸಿ ಹದ ಇಳಿಸಬೇಕು. ಉಜ್ಜಿದ ಮೈಮೇಲೆ ಮೊದಲು ಒಣಹುಲ್ಲಿನ ಬಣ್ಣ ಹರಿಯುತ್ತದೆ, ಆಮೇಲೆ ನೇರಳೆ ಹಣ್ಣಿನದು, ಆಮೇಲೆ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕು ಅನ್ನುವುದರಲ್ಲೇ ಕಮ್ಮಾರನ ಮರ್ಯಾದೆ ಇರುವುದು. ಆಚಾರಿ ಆ ಬಣ್ಣಗಳನ್ನು ಬರಗೊಡಲೇ ಇಲ್ಲ. ನೀರಿನಿಂದ ತೆಗೆದವನೇ ಸಾಣೆಗೆ ಹಿಡಿದು ಫಳಫಳ ಹೊಳೆಯಿಸಿದ. ಮೊದಲ ಏಟಿಗೆ ಮುರಿಯುತ್ತದೆ, ಅಷ್ಟರಲ್ಲಿ ನನ್ನ ಮಗಳು ಓಡಿ ತಪ್ಪಿಸಿಕೊಳ್ಳುತ್ತಾಳೆ ಎಂದುಕೊಂಡಾಗ ಕಣ್ಣಲ್ಲಿ ನೀರು ಬಂತು.

"ಹದ ಇಳಿಸ್ದೆ ಹಿಡಿ ಹಾಕ್ತಿದೀರಲ್ರೀ" ಎಂದಳು ಜಗದಾಂಬ. ಕಮ್ಮಾರನ ಹೆಂಡತಿಗೆ ಅಷ್ಟೂ ಕಾಣದೇ?

"ನಿನ್ ಕೆಲ್ಸ ನೋಡ್ಕ ಹೋಗು."

ಕದಿರೇಶ ಬಂದು ಕತ್ತಿಯನ್ನು ಮುಂಗೈ ಕೂದಲ ಮೇಲೆ ಆಡಿಸಿ ನೋಡಿದ. ಕೂದಲು ನುಣ್ಣಗೆ ಉದುರಿತು. ಮದುವೆಯಾದ ಮೇಲೆ ಮಾವನ ಎದುರಿಗೆ ಅವನು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು.

"ನಿಮ್ ಕೈ ಕತ್ತಿ ಅಂದ್ರೆ ಧೈರ್ಯ ಮಾವ" ಎಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಆಮೇಲೆ ಆಚಾರಿಗೆ ಅನ್ನ ಸೇರಲಿಲ್ಲ. ದಿನಾ ಏನಾದರೊಂದು ನೆಪ ತೆಗೆದು ಮಗಳಿಗೆ ಫೋನ್ ಮಾಡುವುದು, ಅವಳ ದನಿ ಕೇಳಿದ ಮೇಲೆ ಇಡುವುದು. ಹೀಗಿರುವಾಗ ಒಂದು ದಿನ ಊಟದ ಹೊತ್ತಿಗೆ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಗೆಲುವಿತ್ತು.

"ಅಪ್ಪ, ಕತ್ತಿ ಎಷ್ಟು ಚೆನ್ನಾಗೈತೆ ಗೊತ್ತಾ? ನಂಗೇ ಅಂತ ಮಾಡ್ಸವ್ರೆ ಕಣಪ್ಪ. ಇವತ್ತು ಸಾಯಂಕಾಲದಿಂದ ನಾನೂ ಹೊಲಕ್ಕೋಯ್ತೀನಿ."

"ನಿಂಗಾ?"

"ಹೂಂ. ಬೆಟ್ಟದಿಂದ ಕರಡಿ ಇಳೀತೈತೆ. ನಮ್ ಪಕ್ಕದ್ಮನೆ ಚಿಕ್ಕಹನುಮಕ್ಕನ್ನ ಹೊಲದಾಗೇ ಕೆಡವ್ಕೊಂಡು ಮುಖ ಎಲ್ಲ ಕಿತ್ತಾಕ್ಬುಡ್ತು. ರಾತ್ರಿ ಕಾಡಂದಿ ಬರ್ದಂಗೆ ಹೊಲ ಕಾಯಾಕೆ ಹೋಗ್ದಿದ್ರೆ ಕಡ್ಲೆಕಾಯಿ ಒಂದೂ ಸಿಗಲ್ಲ. ಇವ್ರು ಒಬ್ರೇ ಹೋಯ್ತೀನಿ, ನೀನು ಬರಲೇಬ್ಯಾಡ ಅಂತಿದ್ರು. ಅದಕ್ಕೇ ಅಲ್ವಾ ಅವತ್ತು ಜಗಳ ಆಡ್ಕೊಂಡು ಬಂದಿದ್ದು? ಈಗ ಒಪ್ಕೊಂಡವ್ರೆ. ನಿಂಗೆ ಹೇಳಿದ್ರೆ ಹೆದರ್ಕೊಂಡು ನನ್ನ ಕರ್ಕೊಂಡೋಗ್ಬುಡ್ತೀಯ ಅಂತ ಹೇಳಿಲ್ಲ. ಕರಡಿಗೆ ಅಂತ ಕತ್ತಿ ಮಾಡ್ಸಿದ್ದು ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಕೇಸ್ ಬೇರೆ."

ಆಚಾರಿ ಊಟದ ತಟ್ಟೆ ಸರಿಸಿ ಎದ್ದು ನಿಂತ. "ಆ ಕತ್ತಿ ತಗೊಂಡೋಗ್ಬ್ಯಾಡ ಕಣವ್ವ. ಅದ್ರ... ಅದ್ರ ಹಿಡಿ ಸಡಿಲ ಐತೆ."

"ಗಟ್ಟಿಯಾಗೇ ಐತೆ. ನೀನು ಸುಮ್ಕೆ ಚಿಂತೆ ಮಾಡ್ಬ್ಯಾಡ" ಎಂದು ನಗುತ್ತಾ ಫೋನ್ ಇಟ್ಟಳು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಬೇರೆಯವರಿಗೆಂದು ಕಮಾನ್ ಪಟ್ಟಿಯಲ್ಲಿ ಮಾಡಿ, ಹದ ಇಳಿಸಿ ಇಟ್ಟಿದ್ದ ಒಂದು ಕತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಆಚಾರಿ ರಸ್ತೆಗೆ ಓಡಿದ. ಮಧುಗಿರಿಯಲ್ಲಿ ಬಸ್ಸು ತಡವಾಯಿತು. ಪಾವಗಡದ ಬಸ್ಸಿನಲ್ಲಿ ಕಿಟಕಿಯಾಚೆ ಸಾಲು ಸಾಲಾಗಿ ಕಲ್ಲುಬೆಟ್ಟಗಳು. ಒಂದೊಂದರ ಪೊಟರೆಯೂ ಅವನಿಗೆ ಬಾಯಿ ತೆರೆದುಕೊಂಡ ಹಾಗೆ ಕಂಡಿತು. ಕರಡಿ ಎದ್ದು ನಿಂತಾಗ ಮಗಳು ಕೈ ಬೀಸುವುದು, ಕೈಯಲ್ಲಿ ಬರಿಯ ಹಿಡಿ ಉಳಿಯುವುದು, ಇದೇ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ದೇವರೇ, ಒಂದು ದಿನದ ಮಟ್ಟಿಗೆ ಅದರ ಕಣ್ಣು ಕಟ್ಟಪ್ಪ ಎಂದು ಸಿದ್ದರಬೆಟ್ಟದ ಕಡೆಗೆ ಕೂತಲ್ಲೇ ಕೈ ಮುಗಿದ.

ಹಳ್ಳಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಗಂಡ ಹೆಂಡಿರಿಬ್ಬರೂ ಅಂಗಳದಲ್ಲೇ ಇದ್ದರು, ಹೊರಡುವ ಸನ್ನಾಹದಲ್ಲಿ. ಕದಿರೇಶನ ಕೈಯಲ್ಲಿ ದೊಣ್ಣೆ ಮತ್ತು ಟಾರ್ಚು. ಸಹನಾಳ ಕೈಯಲ್ಲಿ ಬಡಿದು ಸದ್ದು ಮಾಡಲು ಖಾಲಿ ಎಣ್ಣೆ ಡಬ್ಬ, ಸೊಂಟದಲ್ಲಿ ಕತ್ತಿ. ಮಗಳನ್ನು ಇಡಿಯಾಗಿ ಕಂಡು ಆಚಾರಿಗೆ ಹೋದ ಜೀವ ಬಂದ ಹಾಗಾಯಿತು. ಅವಳ ಸೊಂಟದ ಕತ್ತಿ ಎಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಸಿ ಹೊಡೆದ. ಟಣ್ ಅಂತ ಮುರಿದು ತುಂಡು ಅಂಗಳದಾಚೆ ಹೋಗಿ ಬಿತ್ತು.

"ಉಕ್ಕೇ ಸರಿ ಇರ್ಲಿಲ್ಲ ಅಳಿಯಂದ್ರೆ. ಆಮೇಲೆ ಗೊತ್ತಾಯ್ತು. ಇಕಳಿ, ಇದು ಒಳ್ಳೇದು" ಎಂದು ಚೀಲದಿಂದ ಇನ್ನೊಂದನ್ನು ತೆಗೆದ.

ಕದಿರೇಶ ಅದನ್ನು ತೆಗೆದುಕೊಳ್ಳಲಿಲ್ಲ. ಹೋಗಿ ಮುರಿದ ತುಂಡನ್ನು ಎತ್ತಿಕೊಂಡು ಟಾರ್ಚು ಹಾಕಿ ನೋಡಿದ. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಒರಟೊರಟಾಗಿತ್ತು.

"ಇದು ಅರ. ಅತಿಯಾಗಿ ಕಾಯ್ಸವ್ರೆ, ಹದ ಇಳ್ಸಿಲ್ಲ" ಎಂದ ಮೆಲ್ಲಗೆ. "ನಾನೂ ಉಳಿ ಹಿಡಿಯೋನೇ ಮಾವ. ನಿಮ್ ಕೈಯಾಗೆ ಇಷ್ಟೆಲ್ಲ ಒಟ್ಟಿಗೆ ತಪ್ಪಲ್ಲ. ಬೇಕು ಅಂತ ಮಾಡಿದೀರ. ಯಾರ್ ಕೈಯಾಗೆ ಮುರೀಲಿ ಅಂತ ಮಾಡಿದ್ರಿ?"

ಸುಳ್ಳು ಹೇಳಲು ಆಚಾರಿಗೆ ಆಗಲಿಲ್ಲ, ನಿಜವನ್ನೇ ಹೇಳಿದ.

"ನಿಮ್ ಕೈಯಾಗೆ. ನೀವು ನೆಲ ನೋಡ್ಕೊಂಡು ಕೇಳಿದ್ರಿ. ಇವಳ ಮಾತು ಬ್ಯಾಡ ಅಂದ್ರಿ. ಅದಕ್ಕೆ... ನೀವು ಇವಳ್ನ..."

ಮುಂದೆ ಹೇಳುವುದು ಬೇಕಾಗಲಿಲ್ಲ. ಸಹನಾ ಅಪ್ಪನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಕದಿರೇಶ ಕೂಗಾಡಿದ್ದರೆ ಆಚಾರಿ ಕಾಲು ಹಿಡಿದಾದರೂ ಕೇಳಿಕೊಳ್ಳುತ್ತಿದ್ದ. ಅವನು ಕೂಗಾಡಲಿಲ್ಲ. ತುಂಡನ್ನು ಜಗಲಿಯ ಮೇಲಿಟ್ಟ.

"ಈ ಕತ್ತಿನಾದ್ರೂ ತಗಳಿ ಅಳಿಯಂದ್ರೆ, ನಿಮ್ ದಮ್ಮಯ್ಯ."

"ವದ್ದು ಮಾವ" ಎಂದ ತನ್ನೂರ ಕಡೆಯ ತೆಲುಗಿನಲ್ಲಿ. "ನಿಮ್ ಕತ್ತಿ ನಮಗೆ ಬ್ಯಾಡ." ದೊಣ್ಣೆ ಹೆಗಲಿಗೇರಿಸಿಕೊಂಡು ಬೆಟ್ಟದ ಕಡೆಯ ಕಾಲುದಾರಿ ಹಿಡಿದ. ಸಹನಾ ಡಬ್ಬ ಎತ್ತಿಕೊಂಡು ಹಿಂದೆಯೇ ಹೊರಟಳು.

ಆಚಾರಿ ಓಡಿದ. ಕತ್ತಲಾಗುತ್ತಿತ್ತು, ದಾರಿಯ ತುಂಬಾ ಮುಳ್ಳು, ಕಲ್ಲು. "ಸಹನಾ, ನಿಲ್ಲವ್ವ. ಇದು ಕಮಾನ್ ಪಟ್ಟಿದು, ದೇವ್ರಾಣೆ ಮುರಿಯಲ್ಲ. ನೀನಾದ್ರೂ ಇಟ್ಕ. ಇಲ್ದಿದ್ರೆ ನಾನೇ ಬಂದು ಕಾಯ್ತೀನಿ" ಎಂದು ಕತ್ತಿ ಚಾಚಿಕೊಂಡು ಹತ್ತಿರ ಹೋದ.

ಮಗಳು ತಿರುಗಿದವಳೇ ಗಂಡನ ಬೆನ್ನಿಗೆ ಅಡ್ಡವಾಗಿ ನಿಂತಳು.

"ಅಪ್ಪ, ಕತ್ತಿ ಹಿಡ್ಕೊಂಡು ನಮ್ ಹಿಂದೆ ಬರ್ಬ್ಯಾಡ."

ಆಚಾರಿ ನಿಂತ. ಅವನು ನಿಂತದ್ದು ಖಾತ್ರಿಯಾಗುವ ತನಕ ಅವಳು ಅಲುಗಲಿಲ್ಲ. ಆಮೇಲೆ ಗಂಡನನ್ನು ಮುಂದೆ ಬಿಟ್ಟುಕೊಂಡು ಬೆಟ್ಟದ ಕಡೆಗೆ ನಡೆದಳು. ಅವಳ ಕೈಯಲ್ಲಿ ಆ ಎಣ್ಣೆ ಡಬ್ಬ ಬಿಟ್ಟರೆ ಬೇರೇನೂ ಇರಲಿಲ್ಲ.