ಬಲದಿಂದ ಬಿಚ್ಚುವ ಊರು

ಕಾಲೇಜಿನಲ್ಲಿ ನನಗೆ ಇತಿಹಾಸ ಹೇಳಿದ ಸಾವಿತ್ರಿಬಾಯಿ ಮೇಡಂ ಒಮ್ಮೆ ತಮ್ಮ ಫೋನಿನಲ್ಲಿ ಈಗಿನ ಚೀನೀ ಚಿತ್ರಕಾರನೊಬ್ಬನ ಸುರುಳಿಚಿತ್ರ ತೋರಿಸಿದರು. ಹಳೇ ಕಾಲದ ಮಸಿಯ ಬೆಟ್ಟ, ಮಂಜು. ಆದರೆ ಮಂಜಿನೊಳಗಿಂದ ಫ್ಲೈಓವರ್ ಇಳಿಯುತ್ತಿತ್ತು, ಗಡ್ಡದ ಋಷಿಗಳು ಲಿಫ್ಟಿಗೆ ಸಾಲು ನಿಂತಿದ್ದರು. ಅದನ್ನು ಬಲದಿಂದ ಎಡಕ್ಕೆ ಬಿಚ್ಚುತ್ತ ನೋಡಬೇಕಂತೆ, ಮನೆಯಲ್ಲಿ ನಾವು ಉರ್ದು ಓದುವ ಹಾಗೆ.

ಅಂದಿನಿಂದ ನಮ್ಮೂರು ಯಾದಗಿರಿ ನನಗೆ ಇದ್ದ ಹಾಗೆ ಕಾಣಲೇ ಇಲ್ಲ. ಸ್ಟೇಷನ್ನಿನಲ್ಲಿ ಸುರಪುರದ ಅರಸರು ಮುಂಬೈ ಗಾಡಿಗೆ ಕಾಯುತ್ತಿದ್ದರು; ಅವರ ಆನೆ ಟಿಕೆಟ್ ಇಲ್ಲದೆ ಹೊರಗೇ ನಿಂತಿತ್ತು. ನನ್ನ ಅಬ್ಬಾನ ಬಟ್ಟೆ ಅಂಗಡಿಯ ಉದ್ದನೆ ಬಿಳಿ ಬಟ್ಟೆಯ ಮೇಲೆ ಎಲ್ಲವನ್ನೂ ಬರೆದೆ. ಅಬ್ಬಾನನ್ನೂ ಬರೆದೆ. ಅದನ್ನು ಸುರಪುರದ ಚಿತ್ರಪ್ರದರ್ಶನಕ್ಕೆ ಒಯ್ಯಲು ಮೇಡಂ ಅಂಗಡಿಗೇ ಬಂದರು. ಅಬ್ಬಾ ಒಪ್ಪದೆ ಕೊಡಲು ನನಗೆ ಮನಸ್ಸಿರಲಿಲ್ಲ.

"ತೋರಸು ಮಸರತ, ಏನ್ ಮಾಡೀದಿ," ಎಂದರು ಅಬ್ಬಾ. ಗಿರಾಕಿಯ ಮುಂದೆ ಬಟ್ಟೆಯ ಥಾನು ಹಾರಿಸುವ ಹಾಗೆ ಸುರುಳಿಯ ತುದಿ ಹಿಡಿದು ಝಾಡಿಸಿದರು. ಬರೆದು ಒಣಗಿದ್ದನ್ನು ಬಲತುದಿಯಿಂದಲೇ ಸುತ್ತುತ್ತ ಹೋಗಿದ್ದೆ. ಚಿತ್ರದ ಕೊನೆಯೇ ಹೊರಗೆ ಉಳಿದಿತ್ತು.

ಖಾಲಿ ಬಜಾರು. ಮಂಜು. ಅಬ್ಬಾನ ಅಂಗಡಿಯ ಶಟರು ಕೆಳಗೆ.

ಅಬ್ಬಾ ಶಟರಿನ ಮೇಲೆ ಬೆರಳಿಟ್ಟರು. "ನನ್ನ ಅಂಗಡಿ ಮುಚ್ಚಿಬಿಟ್ಟೀ ಏನ ಬೇಟಿ?" ಕೈ ಕತ್ತರಿಯತ್ತ ಹೋಯಿತು. "ಇಷ್ಟು ತುಂಡು ಇಲ್ಲೇ ಬಿಡ್ರಿ ಮೇಡಂ. ಉಳಿದದ್ದು ಒಯ್ರಿ."

ಗಿರಾಕಿಗಳ ಮುಂದೆ ಬಾಯಿ ಬಿಡದ ನಾನು ಕತ್ತರಿಯ ಕೆಳಗೆ ಅಂಗೈ ಇಟ್ಟೆ. "ಅಬ್ಬಾ, ಬಲಗಡಿಂದ ನೋಡ್ರಿ."

ಅಬ್ಬಾ ಪೂರ್ತಿ ಬಿಚ್ಚಿ ಬಲತುದಿಗೆ ಹೋದರು. ಅಲ್ಲಿ ಚಿತ್ರದ ಅಬ್ಬಾ ನವಾಬರಾಗಿ ಕೂತಿದ್ದರು, ಕೊರಳಲ್ಲಿ ಅಳತೆಯ ಟೇಪೇ ಮುತ್ತಿನ ಹಾರ. ರಾಣಿಯರು ಸೀರೆಗಳ ಗುಡ್ಡ ಹಾಕಿಸಿ, ಏನೂ ಕೊಳ್ಳದೆ ಹೊರಟಿದ್ದರು.

"ನಾಳೆ ಬರ್ತೀವಿ ಅಂದಿರಬೇಕು," ಎಂದರು ಮೇಡಂ.

"ಹೌದ್ರಿ, ಇವರ ಖಾಂದಾನೇ ಹಂಗ!" ಎಂದರು ಅಬ್ಬಾ, ರಾಣಿಯರನ್ನು ನೋಡುತ್ತ.

ಚಿತ್ರದಲ್ಲಿ ಸ್ಟೇಷನ್ ದಾಟಿತು. ಶಹಾಪುರದ ಬೆಟ್ಟ ಬಂತು, ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ನನ್ನ ಬಟ್ಟೆಯಲ್ಲಿ ಆ ಬುದ್ಧ ಎದ್ದು ಕೂತಿದ್ದ. ನೋಡಲು ಊರಿಗೆ ಊರೇ ಓಡಿ ಬಂದಿತ್ತು. ಅವನ ಹೆಗಲಿಗೆ ಏಣಿ ಹಾಕಿ ಅಬ್ಬಾ ಅಂಗಿಯ ಅಳತೆ ತಗೊಳ್ಳುತ್ತಿದ್ದರು.

ಅಬ್ಬಾ ಮತ್ತೆ ಶಟರಿನ ಹತ್ತಿರ ಬಂದರು. "ಅದಕ್ಕ ಮುಚ್ಯಾದ!" ನಗು ತಡೆಯಲಾಗದೆ ಕೆಮ್ಮಿದರು. ಆಮೇಲೆ ಬಗ್ಗಿ ನೋಡಿ, "ಶಟರಿನ ಕೀಲಿ ಎಲ್ಲದ? ಹಾಕದ ಹಂಗೇ ಬಿಟ್ಟು ಹೋಗೀನೇನು?"

ಕೀಲಿ ಬರೆಯಲು ಪೆನ್ನು ಹುಡುಕಿದೆ. ಅಬ್ಬಾ ಸುರುಳಿಯನ್ನು ಬಲತುದಿ ಹೊರಗೆ ಬರುವಂತೆ ಸುತ್ತಿ ಮೇಡಂ ಕೈಗೆ ಕೊಟ್ಟರು.

"ಇರ್ಲಿ ಬಿಡು. ಬುದ್ಧ ಎದ್ದ ದಿನ ಕಳ್ಳರೂ ನೋಡಾಕ ಹೋಗಿರ್ತಾರ."