ನಾಲ್ಕು ಕೋಣೆ, ಮೂರು ಒಲೆ

ಚನ್ನಬಸವರಾಜ ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಮಂಚದ ಮೇಲೆ ಬಿಟ್ಟ. ಅದು ಹಾಸಿಗೆಯ ತಗ್ಗಿಗೆ ಉರುಳಿ, ಹೂವಿನ ಚಾದರದ ಸುಕ್ಕಿನಲ್ಲಿ ಅಡಗಿಕೊಂಡಿತು.

"ಪುಟೀಲಿಲ್ಲ ನೋಡ್ರಿ," ಎಂದ.

ಗುಲ್ನಾಜಳಿಗೆ ಅರ್ಥವಾಗಲಿಲ್ಲ. "ರೂಪಾಯಿ ಯಾಕ ಪುಟೀಬೇಕ್ರಿ ಹಾಸಿಗಿ ಮ್ಯಾಲ?"

"ದೊಡ್ಡ ಹೋಟೆಲ್‌ನ್ಯಾಗ ಹಿಂಗ ಚೆಕ್ ಮಾಡ್ತಾರ. ಚಾದರ ಡೊಳ್ಳಿನ ಚರ್ಮದಂಗ ಬಿಗಿ ಇರಬೇಕು. ಬಿಳೀದು ಇರಬೇಕು. ಹೂವು, ನವಿಲು ನಡಿಯಂಗಿಲ್ಲ." ಅವನು ನಾಣ್ಯವನ್ನು ಹುಡುಕಿ ಕಿಸೆಗೆ ಹಾಕಿಕೊಂಡ. ಆಮೇಲೆ ಚೀಲದಿಂದ ಮೂರು ಹಾಳೆಯ ಒಂದು ಪಟ್ಟಿ ತೆಗೆದು ಅವಳ ಕೈಗಿತ್ತ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಮೂವತ್ತೊಂದು ಅಂಶಗಳು. "ಹದಿನೈದು ದಿನ ಟೈಮ್ ಐತಿ. ಎಲ್ಲಾ ಆದ್ರ ನಾಲ್ಕೂ ರೂಮು ವರ್ಷಪೂರ್ತಿ ಕಂಪನೀಗೇ. ನಿಮ್ಮ ಪುಣ್ಯ, ಊರಾಗ ಒಂದೂ ಹೋಟೆಲ್ ಖಾಲಿ ಇಲ್ಲ."

ಅವನು ಅದಿರು ಕಂಪನಿಯ ಆಫೀಸಿನಲ್ಲಿ ಹೊರಗಿನಿಂದ ಬರುವ ಎಂಜಿನಿಯರುಗಳ ವಸತಿ ನೋಡಿಕೊಳ್ಳುವವನು. ಅವನ ಸ್ವಂತ ಊರು ಕುರುಗೋಡು. ಬಳ್ಳಾರಿಯಲ್ಲಿ ಆ ವರ್ಷ ಮನೆ ಇದ್ದವರೆಲ್ಲ ಗೆಸ್ಟ್ ಹೌಸಿನವರಾಗುತ್ತಿದ್ದರು. ಎದುರು ಮನೆಯ ವಿರೂಪಮ್ಮ ದನದ ಕೊಟ್ಟಿಗೆಗೆ ಎ.ಸಿ. ಹಾಕಿಸಿ 'ಎಕ್ಸಿಕ್ಯೂಟಿವ್' ಎಂದು ಬೋರ್ಡು ಬರೆಸಿದ್ದಳು.

ಗುಲ್ನಾಜಳ ನಾಲ್ಕು ಕೋಣೆಗಳು ದೊಡ್ಡಾಸ್ಪತ್ರೆಯ ಹಿಂದಿನ ಓಣಿಯಲ್ಲಿ, ಓಣಿ ಮುಖ್ಯರಸ್ತೆಗೆ ಕೂಡುವ ಮೂಲೆಯ ಮನೆಯಲ್ಲಿದ್ದವು. ಗಂಡ ಸಲಾವುದ್ದೀನ್ ಇದ್ದಾಗಲೇ ಕಟ್ಟಿಸಿದ್ದು. ಸಿರುಗುಪ್ಪ, ರೂಪನಗುಡಿ, ಕುರುಗೋಡಿನ ಕಡೆಯಿಂದ ರೋಗಿಗಳನ್ನು ಕರೆತಂದವರು ಎರಡು ದಿನವೋ ವಾರವೋ ಇದ್ದು ಹೋಗುತ್ತಿದ್ದರು. ಕೋಣೆಗೊಂದು ಮಂಚ, ಬಟ್ಟೆ ಹರವಲು ಒಂದು ಹಗ್ಗ. ಹಿಂದಿನ ಅಂಗಳದಲ್ಲಿ ಮೂರು ಕಲ್ಲೊಲೆ. ಬಂದವರು ತಮ್ಮ ತಮ್ಮ ಅಕ್ಕಿ ತಂದು ಅಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಊರವರು ಅವಳನ್ನು ಕರೆಯುತ್ತಿದ್ದುದು 'ಆಸ್ಪತ್ರಿ ರೂಮಿನ ಗುಲ್ನಾಜ್' ಎಂದೇ. ಆ ಹೆಸರು ಅವಳಿಗೆ ಒಮ್ಮೊಮ್ಮೆ ಚುಚ್ಚುತ್ತಿತ್ತು.

ಅವಳು ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದವಳು. ಅಚ್ಚಾದ ಕಾಗದವೆಂದರೆ ಅವಳಿಗೆ ಇನ್ನೂ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆಯೇ. ಆ ದಿನ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಪಟ್ಟಿಯನ್ನು ನಾಲ್ಕು ಸಲ ಓದಿದಳು. ಗೀಸರ್, ಕಮೋಡು, ಕನ್ನಡಿಯ ಮೇಲೆ ದೀಪ, ಅಂಗಳಕ್ಕೆ ಬಿಳಿ ಟೈಲ್ಸು. ಹತ್ತೊಂಬತ್ತನೆಯದರಲ್ಲಿ ನಿಂತಳು. ತಂಗುವವರು ಆವರಣದಲ್ಲಿ ಅಡುಗೆ ಮಾಡಕೂಡದು. ಇಪ್ಪತ್ತನೆಯದು, ಆವರಣದಲ್ಲಿ ರೋಗಿಗಳು ಇರಕೂಡದು. ತಾನು ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಓದಿದಳು. ತಪ್ಪಿರಲಿಲ್ಲ.

ಹೊನ್ನೂರಮ್ಮನಿಗೆ ಹೇಳುವುದು ಹೇಗೆ ಎಂಬುದೇ ಅವಳ ಎದೆಯಲ್ಲಿ ಕುಳಿತ ಕಲ್ಲು. ಹೊನ್ನೂರಮ್ಮ ದೇಶನೂರಿನವಳು. ಗಂಡ ಕೊಟ್ಟೂರಪ್ಪನ ಎರಡೂ ಮೂತ್ರಪಿಂಡ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಪ್ರತಿ ಮಂಗಳವಾರ, ಶುಕ್ರವಾರ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಳ್ಳಬೇಕು. ಸೋಮವಾರ ಸಿರುಗುಪ್ಪದ ಬಸ್ಸಿಗೆ ಬಂದರೆ ಶನಿವಾರದವರೆಗೆ ಗಂಡಹೆಂಡಿರು ನಾಲ್ಕನೇ ಕೋಣೆಯಲ್ಲಿ. ಅವನಿಗೆ ಉಪ್ಪು ಕೂಡದು. ತರಕಾರಿಯನ್ನು ಎರಡು ಸಲ ಬೇಯಿಸಿ, ಎರಡು ಸಲ ನೀರು ಬಸಿದು ಚೆಲ್ಲಬೇಕು. ಅಂಥ ಊಟ ಯಾವ ಖಾನಾವಳಿಯಲ್ಲೂ ಸಿಗುವುದಿಲ್ಲ. ಹೊನ್ನೂರಮ್ಮ ತಮ್ಮ ಗದ್ದೆಯ ಅಕ್ಕಿಯನ್ನು ಗಂಟು ಕಟ್ಟಿ ತಂದು ಮೂಲೆಯ ಒಲೆಯ ಮೇಲೆ ಗಂಜಿ ಮಾಡುತ್ತಿದ್ದಳು.

"ಒಲಿ ತೆಗಸ್ತೀಯಾ?" ಎಂದಳು ಹೊನ್ನೂರಮ್ಮ, ಕೇಳಿ ಮುಗಿದ ಮೇಲೆ. ಸಿಟ್ಟಿರಲಿಲ್ಲ, ಬೆರಗಷ್ಟೇ ಇತ್ತು. "ಅಲ್ಲವ್ವಾ, ಬರೋರು ಉಣ್ಣಂಗಿಲ್ಲೇನು?"

"ಅವರು ಹೊರಗ ಉಣ್ತಾರ. ನನಗೂ ಬ್ಯಾಸರ ಐತಿ, ಹೊನ್ನೂರಕ್ಕಾ. ವರ್ಷದ ಕರಾರು. ಒಪ್ಪದಿದ್ರ ಓಣ್ಯಾಗ ನಾನೊಬ್ಬಾಕಿನೇ ಉಳೀತೀನಿ."

"ಆತು ಬಿಡು. ನಿನ್ನ ಮನಿ, ನಿನ್ನ ಇಷ್ಟ." ಕೋಣೆಯೊಳಗೆ ಮಲಗಿದ್ದ ಕೊಟ್ಟೂರಪ್ಪ ಕೂಗಿ ಹೇಳಿದ: "ಲೇ ಹೊನ್ನೂರಿ, ಹೋಗೂ ಮುಂದ ಆ ಕಮೋಡಿನ ಮ್ಯಾಲ ಒಂದ್ಸಲ ಕೂತು ಹೋಗಾಣಂತ ಕೇಳಲೇ." ಮೂವರೂ ನಕ್ಕರು.

ಮರುದಿನ ಗೌಂಡಿಗಳು ಬಂದು ಮೂರು ಒಲೆಗಳನ್ನು ಹಾರೆಯಿಂದ ಕಿತ್ತರು. ಅಂಗಳದ ತುಂಬ ಬಿಳಿ ಟೈಲ್ಸು ಕೂತವು. ಸಲಾವುದ್ದೀನ್ ಕೊಡಿಸಿದ್ದ ಬಂಗಾರದ ಬಳೆಗಳು ಗೀಸರ್ ಆದವು, ಕಮೋಡು ಆದವು. ಅವಳು ಪಟ್ಟಿಯ ಮೇಲೆ ಒಂದೊಂದೇ ಅಂಶಕ್ಕೆ ಪೆನ್ಸಿಲಿನಿಂದ ಗೀಟು ಹಾಕುತ್ತ ಬಂದಳು. ಎಲ್ಲವೂ ಸರಿಹೋಯಿತು, ಚಾದರವೊಂದನ್ನು ಬಿಟ್ಟು.

ಹನ್ನೆರಡು ಬಿಳಿ ಚಾದರ ತಂದು, ಗಂಜಿ ಹೋಗಲೆಂದು ಒಗೆದು ಮಾಳಿಗೆಯ ಮೇಲೆ ಹರವಿದ್ದಳು. ಮಧ್ಯಾಹ್ನ ತೆಗೆಯಲು ಹೋದಾಗ ಅವು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಕೆಳಗೆ ಮುಖ್ಯರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಹೋಗುತ್ತಿದ್ದವು. ಅರ್ಧಕ್ಕರ್ಧ ಲಾರಿಗಳಿಗೆ ಮೇಲೆ ಹೊದಿಸುವ ತಾಡಪಾಲಿರಲಿಲ್ಲ. ಮತ್ತೆ ಒಗೆದಳು. ಮೂರನೆಯ ಸಲ ಕೋಣೆಯೊಳಗೇ ಒಣಹಾಕಿದಳು. ಮುಗ್ಗು ವಾಸನೆ ಬಂತು. ನಾಲ್ಕನೆಯ ಸಲಕ್ಕೆ ಕೈಯ ಚರ್ಮ ಸುಲಿಯಿತು. ತಾನೇ ಒಗೆಯುವುದರಲ್ಲಿ ಏನೋ ತಪ್ಪು ಮಾಡುತ್ತಿದ್ದೇನೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ತಮ್ಮ ಇನಾಯತ್ ಜೀನ್ಸ್ ಪ್ಯಾಂಟು ತೊಳೆಯುವ ಘಟಕದಲ್ಲಿ ಮೇಸ್ತ್ರಿ. ಅಕ್ಕನ ಕೈ ನೋಡಿ ಕನಿಕರಪಟ್ಟು, "ಕೊಡಕ್ಕಾ ಇಲ್ಲಿ. ನಮ್ಮ ಟ್ಯಾಂಕಿನ್ಯಾಗ ಐನೂರು ಪ್ಯಾಂಟ್ ಒಂದು ತಾಸಿನ್ಯಾಗ ತೊಳೀತೀವಿ. ಇವೇನು ಮಹಾ," ಎಂದು ಹನ್ನೆರಡನ್ನೂ ಗಂಟು ಕಟ್ಟಿಕೊಂಡು ಹೋದ. ಸಂಜೆ ಬಂದು ಹರವಿದಾಗ ಹನ್ನೆರಡೂ ಮುಂಜಾವಿನ ಆಕಾಶದಷ್ಟು ನೀಲಿಯಾಗಿದ್ದವು.

"ಯಾ ಅಲ್ಲಾ! ಏನ್ ಮಾಡಿದ್ಯೋ ಇದು?"

"ಅಗಸರು ಬಿಳಿ ಅರಿವಿಗೆ ನೀಲಿ ಹಾಕಂಗಿಲ್ಲೇನಕ್ಕಾ? ಪ್ಯಾಂಟು ತೊಳೆದ ನೀರಿನ್ಯಾಗ ನೀಲಿ ಪುಕ್ಕಟೆ ಇತ್ತು. ಅದಕ್ಕ ಬಿಟ್ಟೆ." ಅವನ ಮುಖ ಸಣ್ಣದಾಯಿತು. "ಸ್ವಲ್ಪ ಜಾಸ್ತಿ ಆತು. ಆದ್ರ ಧೂಳು ಹೋತು ನೋಡು, ಒಂದು ಕಲೆ ಐತಾ?"

ಅವಳು ನಗಲೂ ಆಗದೆ ಅಳಲೂ ಆಗದೆ ಅವನ ಬೆನ್ನಿಗೊಂದು ಗುದ್ದಿದಳು. ನೀಲಿ ಚಾದರಗಳು ಅಟ್ಟ ಸೇರಿದವು. ಉಳಿದಿದ್ದ ಎರಡು ಬಳೆಯೂ ಹೋಗಿ ಹೊಸ ಹನ್ನೆರಡು ಚಾದರ ಬಂದವು. ಅವನ್ನು ಒಗೆಯಲೇ ಇಲ್ಲ. ಪ್ಯಾಕೆಟ್ಟಿನಿಂದ ತೆಗೆದು ನೇರ ಮಂಚಕ್ಕೆ ಬಿಗಿದು, ಕಿಟಕಿ ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿದಳು.

ಹದಿನೈದನೆಯ ದಿನ ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಚನ್ನಬಸವರಾಜ ಬಂದ. ನಾಣ್ಯ ಬಿಟ್ಟ. ಅದು ಟಣ್ಣನೆ ಒಂದು ಗೇಣು ಪುಟಿದು ಬಿತ್ತು.

"ಭಲೇ!" ಎಂದ. ಗುಲ್ನಾಜ್ ತನಗರಿವಿಲ್ಲದೆ ಶಾಲೆಯ ಹುಡುಗಿಯ ಹಾಗೆ ನಕ್ಕುಬಿಟ್ಟಳು.

ಗೀಸರ್ ತಿರುಗಿಸಿ ನೋಡಿದ. ಕಮೋಡಿಗೆ ನೀರು ಬಿಟ್ಟು ನೋಡಿದ. ಮೂವತ್ತು ಅಂಶಗಳಿಗೆ ಸರಿ ಗುರುತು ಬಿತ್ತು. ಕೊನೆಗೆ ಕಿಟಕಿಯ ಹತ್ತಿರ ಹೋಗಿ ಒದ್ದೆ ಬಟ್ಟೆ ಸರಿಸಿ, ಬಿಳಿ ಕರ್ಚೀಫು ತೆಗೆದು ಕಿಟಕಿಯ ಪಟ್ಟಿಯನ್ನು ಒರೆಸಿದ. ಕರ್ಚೀಫಿನ ಮೇಲೆ ಕೆಂಪು ಗೆರೆ ಮೂಡಿತು. ಅದನ್ನು ಅವಳ ಮುಖದ ಮುಂದೆ ಹಿಡಿದ.

"ಇದು ಏನ್ರಿ?"

"ಈಗ ಏಳಕ್ಕ ಒರೆಸೀನ್ರಿ. ಆಣಿ ಮಾಡ್ತೀನಿ."

"ಆಣಿ ಪಟ್ಟಿಯೊಳಗಿಲ್ಲ. ಮೂವತ್ತೊಂದನೇದು ಧೂಳು. ಫೇಲ್ ಅಂತ ಬರೀಬೇಕಾಗ್ತೈತಿ."

"ಆದ್ರ ಈ ಧೂಳು ನಿಮ್ಮ..." ಅವಳ ಮಾತು ಮುಗಿಯುವ ಮೊದಲೇ ರಸ್ತೆಯಲ್ಲಿ ಲಾರಿಯೊಂದು ಗುಡುಗುತ್ತ ಹೋಯಿತು. ಗಾಜು ನಡುಗಿತು. "ನಿಮ್ಮ ಲಾರೀದ್ರಿ ಇದು. ನನ್ನ ಮನ್ಯಾಗ ಹುಟ್ಟಿದ್ದಲ್ಲ."

"ಎಲ್ಲಿಂದ ಬಂತು ಅಂತ ಕಾಲಂ ಇಲ್ಲ ಇದರಾಗ." ಅವನು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಹೋಯಿತು ಎಂದು ತಿಳಿಸುವವನ ಹಾಗೆ ಹೇಳಿದ. ಆಮೇಲೆ ದನಿ ತಗ್ಗಿಸಿದ. "ನೋಡ್ರಿ, ನೀವು ಕಷ್ಟ ಪಟ್ಟೀರಿ, ನನಗೂ ಕಾಣತೈತಿ. ಕಿಟಕಿಗಳಿಗೆ ಮೊಳಿ ಹೊಡದು ಕಾಯಂ ಮುಚ್ಚಿ ಬಿಡ್ರಿ, ಎ.ಸಿ. ಕಂಪನಿ ಹಾಕ್ಸತೈತಿ. ನಾನು ಪಾಸ್ ಅಂತ ಬರೀತೀನಿ. ಸಹಿ ಮಾಡ್ರಿ." ಪೆನ್ನು ಕೊಟ್ಟ. ಅವಳು ತೆಗೆದುಕೊಂಡಳು. ಕಿಟಕಿ ಮುಚ್ಚಿದರೆ ಏನು ಹೋಯಿತು? ಅವಳು ಹಾಳೆಯನ್ನು ಕಿಟಕಿಯ ಪಟ್ಟಿಯ ಮೇಲಿಟ್ಟು ಬಾಗಿದಳು.

"ಮತ್ತ, ಇನ್ನೊಂದು ಮಾತು," ಎಂದ ಚನ್ನಬಸವರಾಜ, ಗಾಜಿನಾಚೆ ಬೆರಳು ತೋರಿಸಿ. "ಆ ಜನಾನ ಅಲ್ಲಿಂದ ಎಬ್ಬಿಸಿಬಿಡ್ರಿ. ಗೆಸ್ಟ್ ಬರೋ ದಾರಿ ಅದು."

ಗುಲ್ನಾಜ್ ತಲೆಯೆತ್ತಿದಳು. ಕಾಂಪೌಂಡಿನ ಹೊರಗೆ, ರಸ್ತೆಯ ಅಂಚಿನಲ್ಲಿ ಹೊನ್ನೂರಮ್ಮ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಗೋಡೆಯ ನೆರಳಿಗೆ ಕೊಟ್ಟೂರಪ್ಪ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ್ದ. ಹನ್ನೆರಡಕ್ಕೆ ಅವನನ್ನು ಯಂತ್ರಕ್ಕೆ ಮಲಗಿಸುವರು, ಅದಕ್ಕೆ ಮೊದಲು ಏನಾದರೂ ಹೊಟ್ಟೆಗೆ ಬೀಳಬೇಕು. ಇನ್ನೊಂದು ಲಾರಿ ಬಂತು. ಹೊನ್ನೂರಮ್ಮ ಗಡಿಗೆಯ ಮೇಲೆ ಬೋರಲು ಬಿದ್ದವಳ ಹಾಗೆ ಬಾಗಿ ಸೆರಗು ಹಿಡಿದಳು. ಲಾರಿ ಹೋದ ಮೇಲೆ ಸೆರಗು ಸರಿಸಿ ನೋಡಿ, ಸೌಟಿನಿಂದ ಗಂಜಿಯ ಮೇಲ್ಗಡೆಯನ್ನು ತೆಗೆದು ತೆಗೆದು ನೆಲಕ್ಕೆ ಚೆಲ್ಲಿದಳು. ಚೆಲ್ಲಿದ್ದು ಕೆಂಪಗಿತ್ತು. ಮತ್ತೂ ತೆಗೆದಳು. ಕೊನೆಗೆ ಗಡಿಗೆಯನ್ನೇ ಬಗ್ಗಿಸಿದಳು. ಗಂಟಿನಿಂದ ಒಂದು ಹಿಡಿ ಅಕ್ಕಿ ತೆಗೆದು ಮತ್ತೆ ತೊಳೆಯತೊಡಗಿದಳು.

ಗುಲ್ನಾಜ್ ಹಾಳೆಯಿಂದ ಪೆನ್ನು ಎತ್ತಿದಳು.

"ಎಬ್ಬಸಬೇಕಾ?" ಎಂದಳು. "ಎಲ್ಲಿಗ್ರಿ ಎಬ್ಬಸಲಿ? ಒಳಗ ಒಲಿ ಇತ್ತು, ನಿಮ್ಮ ಹತ್ತೊಂಬತ್ತನೇದಕ್ಕ ಕಿತ್ತಿಸಿದೆ. ಈಗ ಹೊರಗೂ ಬ್ಯಾಡೇನು? ಅಂವ ಉಪ್ಪು ತಿಂದ್ರ ಸಾಯ್ತಾನ್ರಿ. ನೀವು ಮಣ್ಣು ತಿನ್ನಸಾಕ ಹತ್ತೀರಿ."

"ಏ, ನನ್ನ ಮ್ಯಾಲ ಯಾಕ ಏರತೀರಿ? ನಾನೇನು ಲಾರಿ ಓನರಾ?"

"ಅಲ್ಲ. ಕರ್ಚೀಫಿನ ಓನರು. ಹದಿನೈದು ದಿನ ನಾನು ಒಗದೇ ಒಗದೆ. ನಾನೇ ಹೊಲಸಿ, ನನಗೇ ಒಗಿಯಾಕ ಬರಂಗಿಲ್ಲ ಅಂತ ತಿಳಕೊಂಡಿದ್ದೆ. ನಿಮ್ಮ ಕುರುಗೋಡಿನ್ಯಾಗ ಹತ್ತಿ ಬಿಡಸಾಕತ್ತಾರಲ್ಲ ಈಗ. ಯಾವ ಬಣ್ಣ ಐತ್ರಿ ಹತ್ತಿ? ನಿಮ್ಮವ್ವನ ಸೀರಿ ಯಾವ ಬಣ್ಣ? ಅಲ್ಲಿಗೂ ಹೋಗಿ ಕರ್ಚೀಫು ಹಿಡದು ಫೇಲ್ ಅಂತ ಬರೀತೀರೇನು?"

ಚನ್ನಬಸವರಾಜ ಕರ್ಚೀಫನ್ನು ಕೆಂಪು ಒಳಗಾಗುವಂತೆ ಮಡಚಿದ.

ಅವಳು ಹಾಳೆಯ ಕಡೆ ತಿರುಗಿದಳು. ಮೂವತ್ತೊಂದನೆಯ ಅಂಶದ ಮುಂದೆ ಷರಾ ಬರೆಯಲು ಖಾಲಿ ಜಾಗವಿತ್ತು. ಇಂಗ್ಲಿಷಿನ ಶಬ್ದಕ್ಕಾಗಿ ಒಂದು ಕ್ಷಣ ತಡಕಾಡಿ, ಅದನ್ನು ಬಿಟ್ಟು, ಪರೀಕ್ಷೆಯಲ್ಲಿ ಬರೆಯುತ್ತಿದ್ದ ದುಂಡಗಿನ ಕನ್ನಡದಲ್ಲಿ ಬರೆದಳು: 'ಈ ಧೂಳು ಕಂಪನಿಯ ಲಾರಿಗಳದು. ಅವುಗಳಿಗೆ ತಾಡಪಾಲು ಇಲ್ಲ. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಒರೆಸಿದ್ದೇನೆ.' ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ದೀರ್ಘವೊಂದು ಬಿಟ್ಟುಹೋಗಿತ್ತು, ಅದನ್ನೂ ತಿದ್ದಿದಳು.

"ಏನ್ ಮಾಡಿದ್ರಿ!" ಅವನು ಹಾಳೆ ಕಸಿದುಕೊಂಡ. "ಒರಿಜಿನಲ್ ಇದು! ಇದನ್ನ ಮ್ಯಾಲ ಹ್ಯಾಂಗ ಕಳಸಲಿ?"

"ಕಾಲಂ ಇಲ್ಲ ಅಂದ್ರಲ್ಲ. ಇಲ್ಲೇ ಜಾಗ ಇತ್ತು ನೋಡ್ರಿ."

"ಇದನ್ನ ಕಳಿಸಿದ್ರ ನನ್ನ ಕೆಲಸ ಹೋಗತೈತಿ. ಕಳಿಸದಿದ್ರ ನಿಮ್ಮ ಕರಾರು ಇಲ್ಲ. ಹರಿದುಹಾಕಿ ಬ್ಯಾರೆ ಕೊಡ್ತೀನಿ, ಸುಮ್ಮನ ಸಹಿ ಮಾಡ್ರಿ ಅಕ್ಕಾ."

ಅಕ್ಕಾ ಎಂದ ಮೇಲೆ ಅವಳಿಗೆ ಒಂದು ಗಳಿಗೆ ಅವನ ಮೇಲೆ ಕರುಣೆ ಬಂತು. ಕಮೋಡು, ಗೀಸರ್, ಬೋಳು ಕೈ ಎಲ್ಲವೂ ಕಣ್ಣ ಮುಂದೆ ಬಂದವು. ತಾನು ದೊಡ್ಡ ತಪ್ಪು ಮಾಡುತ್ತಿರಬಹುದು. ಇವತ್ತಲ್ಲದಿದ್ದರೆ ನಾಳೆ ಹಾಗೆ ಅನ್ನಿಸಿಯೇ ಅನ್ನಿಸುತ್ತದೆ.

"ಬ್ಯಾರೆ ಹಾಳಿ ಕೊಟ್ರೂ ಅದನ್ನ ಬರೀತೀನ್ರಿ," ಎಂದಳು.

ಅವನು ವಿರೂಪಮ್ಮನ ಮನೆಯ ಕಡೆ ಹೋದ. ಗುಲ್ನಾಜ್ ಗೇಟು ತೆರೆದು ರಸ್ತೆಗೆ ಬಂದಳು. ಹೊನ್ನೂರಮ್ಮನ ಎದುರು ನಿಂತು, ಬಗ್ಗಿ ಗಡಿಗೆ ಎತ್ತಿಕೊಂಡಳು.

"ಎಲ್ಲಿಗವ್ವಾ ನನ್ನ ಗಡಿಗಿ?"

"ಒಳಗ. ನೀ ಕಲ್ಲು ತಗೊಂಡು ಬಾ."

"ಒಳಗೆಲ್ಲ ಬಿಳೇದು ಹಾಸ್ಯಾರ. ಮಸಿ ಆಗತೈತಿ."

"ಬಾ ಅಂದ್ರ ಬರಬೇಕು. ತಡ ಮಾಡಿದ್ರ ಹನ್ನೆರಡು ಹೊಡೀತೈತಿ."

ಕೊಟ್ಟೂರಪ್ಪ ಗೋಡೆ ಹಿಡಿದು ಎದ್ದ. ನಾಲ್ಕನೇ ಕೋಣೆಯ ಬಾಗಿಲಲ್ಲಿ ನಿಂತು, ಬಿಗಿದ ಬಿಳಿ ಮಂಚ ನೋಡಿ, ಒಳಗೆ ಕಾಲಿಡಲು ಹಿಂಜರಿದ. ಗುಲ್ನಾಜ್ ಬಿಳಿ ಚಾದರವನ್ನು ಒಂದೇ ಎಳೆತಕ್ಕೆ ಕಿತ್ತು, ಅಟ್ಟದಿಂದ ಇನಾಯತನ ನೀಲಿ ಚಾದರ ಇಳಿಸಿ ಸಡಿಲಾಗಿ ಹಾಸಿದಳು. ಅವನು ಮಲಗಿ ಅಂಗೈಯಿಂದ ಅದನ್ನು ಸವರಿದ.

ಅಂಗಳದ ನಡುವೆ, ಬಿಳಿ ಟೈಲ್ಸಿನ ಮೇಲೆ, ಮೂರು ಕಲ್ಲು ಕೂತವು. ಹೊನ್ನೂರಮ್ಮ ಉರಿ ಹಚ್ಚಿದಳು. ಅಕ್ಕಿ ಕುದಿಯಲು ಶುರುವಾದಾಗ ಕಲ್ಲಿನ ಕೆಳಗೆ ಟಪ್ ಎಂದು ಒಂದು ಟೈಲ್ ಸೀಳಿತು. ಹೊನ್ನೂರಮ್ಮ ಗಾಬರಿಯಿಂದ ಗುಲ್ನಾಜಳ ಮುಖ ನೋಡಿದಳು. ಗುಲ್ನಾಜ್ ಒಂದು ಕಟ್ಟಿಗೆಯನ್ನು ಎತ್ತಿ ಒಲೆಯೊಳಗೆ ಇನ್ನಷ್ಟು ಮುಂದಕ್ಕೆ ತಳ್ಳಿದಳು. ಗಡಿಗೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆ ಜರುಗದಂತೆ ಸೆರಗು ಸುತ್ತಿದ ಅಂಗೈ ಅದರ ಮೇಲಿಟ್ಟುಕೊಂಡು ಕುಳಿತಳು.