ದಿನಾರ್ ಏರಿದ್ದಕ್ಕೆ

ನಾನು ಹುಟ್ಟುವ ಮೊದಲು ನಡೆದ ನಮ್ಮ ಮನೆಯ ಗೃಹಪ್ರವೇಶಕ್ಕೆ ಬೈರಯ್ಯ ಮಾವ ಐವತ್ತು ಕುವೈತ್ ದಿನಾರ್ ಮುಯ್ಯಿ ಮಾಡಿದ್ದರು. ಮಾವ ಅಮ್ಮನ ಒಬ್ಬನೇ ಅಣ್ಣ. ಆಗ ಕುವೈತಿನಲ್ಲಿ ಡ್ರೈವರ್ ಆಗಿದ್ದರು. ಹತ್ತು ದಿನಾರಿನ ಐದು ನೋಟು. ವೈಯಾಲಿಕಾವಲ್‌ನ ನಮ್ಮ ಓಣಿಯವರೆಲ್ಲ ಬಂದು ಮುಟ್ಟಿ ನೋಡಿದರಂತೆ. ಅಪ್ಪ ಅದೇ ವಾರ ಅವನ್ನು ರೂಪಾಯಿ ಮಾಡಿಸಿ ಮನೆಗೆ ಬಾಗಿಲು ಹಾಕಿಸಿದ. ಏಳೂವರೆ ಸಾವಿರ ಬಂದಿತ್ತು.

ಮುಯ್ಯಿಯನ್ನು ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ತಿರುಗಿಸಬೇಕು, ಮೇಲೊಂದಿಷ್ಟು ಸೇರಿಸಿ. ಈ ವರ್ಷ ಮಾವನ ಮಗಳು ಲಾಸ್ಯಾಳ ಮದುವೆ ಗೊತ್ತಾಯಿತು. ಅಪ್ಪ ಈಗಿಲ್ಲ. ಅಮ್ಮ ಹೂ ಮಾರಿ, ಏಳೂವರೆಯ ಮೇಲೆ ಐನೂರು ಸೇರಿಸಿ, ಎಂಟು ಸಾವಿರ ಕೂಡಿಟ್ಟಿದ್ದಳು. ಲಗ್ನಪತ್ರಿಕೆ ತರಲು ಮಲ್ಲೇಶ್ವರಂನ ಮಾವನ ಮನೆಗೆ ಹೋದಾಗ ಅದನ್ನು ಹೆಮ್ಮೆಯಿಂದಲೇ ಹೇಳಿದಳು.

ಮಾವನ ಹೆಂಡತಿ ಕುಸುಮತ್ತೆ ನಕ್ಕರು. "ಏಳೂವರೆ ಸಾವ್ರ ಯಾರು ಕೊಟ್ರು ಅಂಜಮ್ಮ ನಿಂಗೆ? ನಾವು ಕೊಟ್ಟಿದ್ದು ದಿನಾರು."

ಅತ್ತೆಯ ಮಗ ಕುಶಾಲ್ ಫೋನ್ ತೆಗೆದ. "ನೋಡಿ ಅತ್ತೆ, ಯಾವ ವರ್ಷ ಬೇಕಾದ್ರೂ ಹಾಕಿ, ಆವತ್ತಿನ ರೇಟು ಬರುತ್ತೆ. ನಿಮ್ ಗೃಹಪ್ರವೇಶದಲ್ಲಿ ಒಂದು ದಿನಾರ್‌ಗೆ ನೂರೈವತ್ತು. ಇವತ್ತು ಹತ್ತತ್ರ ಇನ್ನೂರ ತೊಂಬತ್ತು. ಐವತ್ತು ದಿನಾರ್ ಅಂದ್ರೆ ಹದಿನಾಲ್ಕೂವರೆ ಸಾವ್ರ. ಸಿಂಪಲ್."

ಫೋನಿನಲ್ಲಿ ಒಂದು ಗೆರೆ ಬೆಟ್ಟ ಹತ್ತಿದಂತೆ ಹತ್ತುತ್ತಿತ್ತು. ನಡುವೆ ಎರಡು ಕಡೆ ಇಳಿದಿತ್ತು. ಅಲ್ಲಿಗೆ ಬಂದಾಗ ಅವನ ಬೆರಳು ಬೇಗ ಸರಿಯಿತು. ಅಮ್ಮ ಆ ಗೆರೆಯನ್ನು ಡಾಕ್ಟರ ರಿಪೋರ್ಟ್ ನೋಡುವಂತೆ ನೋಡಿದಳು.

ನಾನು ಹೊರಗೆ ಮಾತಾಡುವವಳಲ್ಲ. ಆದರೂ ಬಾಯಿ ಬಂತು. "ಕುಶಾಲ್ ಭಾವ, ನಿನ್ ನಾಮಕರಣಕ್ಕೆ ಅಮ್ಮ ಬೆಳ್ಳಿ ಉಡಿದಾರ ಕೊಟ್ಟಿದ್ಲು. ಅದರ ರೇಟೂ ಹಾಕು."

"ಅದು ಸೋದರತ್ತೆ ಮಾಡೋ ಶಾಸ್ತ್ರ ಕಣೇ," ಎಂದರು ಅತ್ತೆ. "ಅದಕ್ಕೂ ಇದಕ್ಕೂ ಏನು?"

"ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು, ಕರೆನ್ಸಿ ವಿಷ್ಯ ಹೇಗೆ ಹೇಳೋದು ಇವಳಿಗೆ," ಎಂದ ಕುಶಾಲ್.

ಅಮ್ಮ ನನ್ನ ತೊಡೆ ಚಿವುಟಿದಳು. ಮಾವ ಪೇಪರ್ ಓದುತ್ತಿದ್ದರು. ನಾವಿದ್ದಷ್ಟು ಹೊತ್ತೂ ಒಂದು ಪುಟ ತಿರುಗಲಿಲ್ಲ.

ದಾರಿಯುದ್ದಕ್ಕೂ ನನಗೆ ಮೈ ಉರಿಯುತ್ತಿತ್ತು. ದಿನಾರ್ ನಮ್ಮ ಮನೆಯಲ್ಲಿ ಕೂತು ಬೆಳೆದಿದ್ದರೆ ಕೊಡಬಹುದಿತ್ತು. ಅದು ಬಾಗಿಲಾಗಿ, ಬಣ್ಣ ಹೋಗಿ, ಕೆಳಗಡೆ ಗೆದ್ದಲು ಹಿಡಿದಿದೆ.

"ಕೊಡ್ಬೇಡಮ್ಮ," ಎಂದೆ.

"ಕೊಡ್ದೆ? ನಿಮ್ಮಪ್ಪನೂ ಇಲ್ಲ. ಅಣ್ಣನ ಮನೆ ಅಂತ ಒಂದಿರ್ಲಿ ಕಣೇ ನಂಗೆ. ಹಬ್ಬಕ್ಕೆ ಹೋಗಿ ಕೂತ್ಕೊಳಕ್ಕೆ ಒಂದು ಜಾಗ."

ನಾನು ಬಳೇಪೇಟೆಯ ಅಂಗಡಿಯೊಂದರಲ್ಲಿ ಬಳೆಗೆ ಕಲ್ಲು ಅಂಟಿಸುತ್ತೇನೆ. ಧಣಿಯ ಹತ್ತಿರ ಆರೂವರೆ ಸಾವಿರ ಅಡ್ವಾನ್ಸ್ ಕೇಳಿದೆ. ಕೊಟ್ಟರು, ದೀಪಾವಳಿಯವರೆಗೂ ಸಂಬಳದಲ್ಲಿ ಹಿಡಿಯುತ್ತೇನೆ ಎಂದರು. ದುಡ್ಡು ಅಮ್ಮನ ಕೈಗಿಟ್ಟಾಗ ಅವಳು ನನ್ನ ಮುಖ ನೋಡಲಿಲ್ಲ. "ಕವರ್ ಮೇಲೆ ನೀನೇ ಬರಿ, ನಿನ್ ಅಕ್ಷರ ಚೆನ್ನಾಗಿದೆ," ಎಂದಳು.

ಬರೆದೆ.

ಮದುವೆ ಸಂಪಿಗೆ ರಸ್ತೆಯ ಹತ್ತಿರದ ಛತ್ರದಲ್ಲಿ. ಬಾಗಿಲ ಪಕ್ಕದ ಮೇಜಿನಲ್ಲಿ ಮಾವನ ಗೆಳೆಯ ಮಹಾನಂದ ಮುಯ್ಯಿ ಬರೆದುಕೊಳ್ಳುತ್ತಿದ್ದರು. ನಮ್ಮವರಲ್ಲಿ ಮುಯ್ಯಿಯನ್ನು ಮೈಕಿನಲ್ಲಿ ಕೂಗುತ್ತಾರೆ. ಯಾರು ಎಷ್ಟು ಕೊಟ್ಟರೆಂದು ಎಲ್ಲರಿಗೂ ತಿಳಿಯಬೇಕು. ಅಮ್ಮ ಧಾರೆ ನೋಡಲು ಮುಂದೆ ಹೋಗಿದ್ದಳು. ನಾನು ಕವರ್ ಕೊಟ್ಟು ಕಂಬದ ಪಕ್ಕ ನಿಂತೆ.

ಮಹಾನಂದರು ಕನ್ನಡಕ ಮೇಲೆತ್ತಿ, ಬರೆದದ್ದನ್ನು ಬರೆದ ಹಾಗೇ ಕೂಗಿದರು. "ವೈಯಾಲಿಕಾವಲ್ ಅಂಜಮ್ಮನವರಿಂದ ಮುಯ್ಯಿ, ಎಂಟು ಸಾವಿರ! ದಿನಾರ್ ಏರಿದ್ದಕ್ಕೆ ಅಣ್ಣನ ಮನೆಯವರು ಕೇಳಿದ್ದು, ಆರೂವರೆ ಸಾವಿರ!"

ವಾಲಗ ನಿಂತಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಮುಂದಿನ ಸಾಲಿನಿಂದ ನೆಂಟರ ಪೈಕಿಯ ಹನುಮಕ್ಕಜ್ಜಿ ಎದ್ದು ನಿಂತಳು. "ಏನಂದೆ ಮಹಾನಂದ? ಇನ್ನೊಂದ್ಸಲ ಹೇಳು. ನಂಗೂ ಬೈರ ಒಂದು ಸಲ ದಿನಾರ್ ಕೊಟ್ಟಿದ್ದ, ನಾನೆಷ್ಟು ಕೊಡ್ಬೇಕು ನೋಡಪ್ಪಾ!"

ನಗು ಸಾಲಿನಿಂದ ಸಾಲಿಗೆ ಹೋಯಿತು. ಕುಸುಮತ್ತೆಯ ಮುಖ ಕಪ್ಪಿಟ್ಟಿತು. ಕುಶಾಲ್ ಓಡಿ ಹೋಗಿ ಮೈಕ್ ಕಿತ್ತುಕೊಂಡ.

ಊಟದ ಸಾಲಿನಲ್ಲಿ ಇನ್ನೂ ಉಪ್ಪು ಬಡಿಸುತ್ತಿದ್ದಾಗ ಮಾವ ಬಂದರು. ಮಡಿಸಿದ ನೋಟುಗಳನ್ನು ನನ್ನ ಎಲೆಯ ಮೇಲೆ ಹಾಕಿದರು.

"ತಗೊಂಡ್ ಹೋಗು. ನಿಮ್ಮಮ್ಮನ್ನೂ ಕರ್ಕೊಂಡ್ ಹೋಗು. ಇನ್ನು ನಮ್ಮನೆ ಕಡೆ ತಲೆ ಹಾಕ್ಬೇಡಿ."

"ಅಣ್ಣಾ, ಅವಳು ಹುಡುಗಿ, ಗೊತ್ತಾಗಲ್ಲ ಅವಳಿಗೆ," ಅಮ್ಮ ಎದ್ದು ಹಿಂದೆ ಓಡಿದಳು. ಕೈ ಮುಗಿದಳು. ಬಡಿಸುವವರು ಸಾಂಬಾರಿನ ಬಕೆಟ್ ಹಿಡಿದು ಅವಳಿಗಾಗಿ ದಾರಿ ಬಿಟ್ಟು ನಿಂತರು. ಅಷ್ಟು ಬಾಗಿದ ಅವಳ ಬೆನ್ನು ನೋಡಿ ನನಗೆ ಮಾವನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂತು. ನೋಟು ಎತ್ತಿಕೊಂಡು, ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಮೆಟ್ಟಿಲ ಮೇಲೆ ಕೂತಾಗ ಅವಳು ನನ್ನ ಬೆನ್ನಿಗೆ ಎರಡು ಗುದ್ದಿದಳು. "ಹಾಳು ಮಾಡ್ದಲ್ಲೇ. ಇದ್ದಿದ್ದೊಂದು ಮನೆ." ನಾನು ಸುಮ್ಮನೆ ಹೊಡೆಸಿಕೊಂಡೆ. ಮುಷ್ಟಿಯಲ್ಲಿದ್ದ ದುಡ್ಡನ್ನು ಅವಳಿಗೆ ಕೊಟ್ಟೆ. "ಬೇಕಾದ್ರೆ ಹೋಗಿ ಕೊಟ್ಟು ಬಾ. ನಾನಿಲ್ಲೇ ಇರ್ತೀನಿ."

ಅವಳು ಎದ್ದಳು. ಎರಡು ಮೆಟ್ಟಿಲು ಹತ್ತಿ ನಿಂತು ಕೈಯಲ್ಲಿದ್ದ ನೋಟುಗಳನ್ನು ನೋಡಿದಳು. ಒಂದೊಂದಾಗಿ ಎಣಿಸಿದಳು.

"ಪೂರ್ತಿ ಹದಿನಾಲ್ಕೂವರೆ ಕೊಟ್ಟಿದಾನೆ," ಎಂದಳು. "ಒಂದು ರೂಪಾಯಿ ಹಿಡ್ಕೊಂಡಿಲ್ಲ." ಮತ್ತೆ, ಯಾರಿಗೋ ವಿವರಿಸುವಂತೆ, "ನ್ಯಾಯದ ದುಡ್ಡಾಗಿದ್ರೆ ಇಟ್ಕೋತಿದ್ದ. ಅಂದ್ರೆ ತಪ್ಪು ಅಂತ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಆವತ್ತು ಬಾಯಿ ಬಿಡ್ಲಿಲ್ಲ. ನನ್ನ ಮಗು ಸಾಲ ಮಾಡೋ ಹಂಗಾಯ್ತು."

ಅಣ್ಣ ಎನ್ನದೆ ಮಾವನ ಹೆಸರು ಅವಳ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. "ಲೋ ಬೈರಯ್ಯಾ," ಎಂದು ಛತ್ರದ ಬಾಗಿಲಿಗೆ ಮುಖ ಮಾಡಿ ಶುರುಮಾಡಿದಳು. "ಹೆಂಡ್ತಿ ಮುಂದೆ ಬಾಯಿಲ್ಲ, ಊಟದ ಎಲೆ ಮುಂದೆ ಬಂತೇನೋ ನಿಂಗೆ ಬಾಯಿ?" ಮೆಟ್ರೊ ಇಳಿದು ಬರುತ್ತಿದ್ದವರು ನಿಂತು ನೋಡಿದರು. ಹೂ ಮಾರುವ ಗಂಟಲು ಅವಳದು, ಇಡೀ ರಸ್ತೆಗೆ ಕೇಳುತ್ತದೆ. ನನಗೆ ನಾಚಿಕೆಯಾಯಿತು, ಮುಖ ಬಿಸಿಯಾಯಿತು. ಆದರೂ ಅವಳನ್ನು ತಡೆಯಲಿಲ್ಲ.